ಕೂಡಿ ಮಾಡುವ ತೋಟ ಉಳಿಯುವುದೆಲ್ಲಿ, ಮುರಿಯುವುದೆಲ್ಲಿ?

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ನಮ್ಮ ಕಡೆ ಕೇಳದವರಿಲ್ಲ. ಈ ಮಾತು ಗದ್ದೆಯವರಿಗೂ ಸಲ್ಲುತ್ತದೆ, ಅಂಗಡಿಯವರಿಗೂ ಸಲ್ಲುತ್ತದೆ. ಆದರೆ ಇದರ ಪೂರ್ತಿ ಪೆಟ್ಟು ಬೀಳುವುದು ತೋಟದವರ ಮೇಲೆ. ಅಂಗಡಿಯ ಪಾಲುದಾರರು ಬೇರೆಯಾದರೆ ಇದ್ದ ದಾಸ್ತಾನು ಮಾರಿ ಹಣ ಹಂಚಿಕೊಂಡು ಎದ್ದುಹೋಗಬಹುದು. ಗದ್ದೆ ಎರಡಾದರೆ ಮುಂದಿನ ಮಳೆಗಾಲಕ್ಕೆ ಎರಡು ನಾಟಿ. ತೋಟ ಹಾಗಲ್ಲ. ಅಡಿಕೆ ಸಸಿ ನೆಟ್ಟು ಮೊದಲ ಕೊನೆ ಕಾಣಲು ಐದಾರು ವರ್ಷ ಕಾಯಬೇಕು. ಆಮೇಲೆ ಆ ಮರ ನೆಟ್ಟವನ ತಲೆಮಾರನ್ನೂ ದಾಟಿ ನಿಲ್ಲುತ್ತದೆ. ಕಾಫಿ ಗಿಡದ ಕಥೆಯೂ ಅದೇ. ಬಾವಿ ಒಂದು, ಕೆರೆ ಒಂದು, ಒಣಗಿಸುವ ಅಂಗಳ ಒಂದು, ಜೀಪು ಬರುವ ದಾರಿ ಒಂದು. ಮನಸ್ಸು ಎರಡಾದ ನಾಲ್ಕೇ ವರ್ಷದಲ್ಲಿ ಬಸಿಗಾಲುವೆ ಮುಚ್ಚಿಹೋಗಿ, ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಲ್ಲದೆ, ಅಜ್ಜ ಮಾಡಿದ ತೋಟ ಹಾಳುಬಿದ್ದುದನ್ನು ನಮ್ಮ ಸದಸ್ಯರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ.

ಆದ್ದರಿಂದ ಈ ಸಲ ಗೊಬ್ಬರ, ಧಾರಣೆಗಳ ವಿಷಯವನ್ನು ಬದಿಗಿಟ್ಟು ಪಾಲುಗಾರಿಕೆಯ ವಿಷಯ ಬರೆಯುತ್ತಿದ್ದೇವೆ. ಅಣ್ಣತಮ್ಮಂದಿರು ಕೂಡಿ ಮಾಡುವ ತೋಟ, ನೆರೆಯವರು ಕೂಡಿ ಕೊಂಡ ಪಂಪು, ಗಂಡ ಹೆಂಡತಿ ಕೂಡಿ ನಡೆಸುವ ಮನೆ, ಇವೆಲ್ಲವೂ ಪಾಲುಗಾರಿಕೆಯೇ. ಪರಸ್ಪರ ವಿಶ್ವಾಸವಿದ್ದರೆ ಸಾಕು, ಬೇರೇನೂ ಬೇಡ ಎನ್ನುವವರುಂಟು. ವಿಶ್ವಾಸ ಬೇಕು, ನಿಜ. ಆದರೆ ಅದು ಲೆಕ್ಕದ ಪುಸ್ತಕದಿಂದ ಬೆಳೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕೇಳುವ ಮೊದಲೇ ಲೆಕ್ಕ ತೋರಿಸುವ ಕಡೆ, ಯಾರ ಕೆಲಸಕ್ಕೆ ಏನು ಪ್ರತಿಫಲ ಎಂಬುದು ಗೊತ್ತಿರುವ ಕಡೆ, ಬೇರೆಯಾಗಬೇಕಾಗಿ ಬಂದರೆ ಹೇಗೆ ಎಂಬುದನ್ನು ಕೂಡುವಾಗಲೇ ಮಾತಾಡಿಕೊಂಡ ಕಡೆ ಪಾಲುಗಾರಿಕೆ ಬಾಳುತ್ತದೆ. ಉಳಿದ ಕಡೆ ಅದು ಹಿರಿಯರ ಆಯುಷ್ಯ ಇರುವಷ್ಟು ದಿನ ಮಾತ್ರ.

ತೋಟ ನೋಡುವವನ ಸಂಬಳ

ಬಹಳ ಸಾಮಾನ್ಯವಾದ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಇಬ್ಬರು ಅಣ್ಣತಮ್ಮಂದಿರು. ತಮ್ಮ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ, ಅಣ್ಣ ಊರಲ್ಲಿ ತೋಟ ನೋಡುತ್ತಾನೆ. ಮೊದಲ ಹತ್ತು ವರ್ಷ ‘ಅಣ್ಣ ಕೊಟ್ಟಷ್ಟು ಕೊಡಲಿ’ ಎಂದು ತಮ್ಮ ಹೇಳುತ್ತಾನೆ. ‘ನಮ್ಮದೇ ಮನೆ, ಲೆಕ್ಕ ಯಾಕೆ’ ಎಂದು ಅಣ್ಣನೂ ಹೇಳುತ್ತಾನೆ. ಇಬ್ಬರ ಮಾತೂ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಆದರೆ ಒಳಗೊಳಗೆ ಎರಡು ಲೆಕ್ಕ ಬೆಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು, ಕೊನೆಗಾರನ ಮನೆಗೆ ನಾಲ್ಕು ಸಲ ನಡೆದು, ರಾತ್ರಿ ಕರೆಂಟು ಬಂದಾಗ ಎದ್ದು ಮೋಟಾರು ಹಾಕಿದವನು ನಾನು, ಪಾಲು ಮಾತ್ರ ಸಮ ಎಂಬುದು ಅಣ್ಣನ ಲೆಕ್ಕ. ಧಾರಣೆ ಏರಿದ ಸುದ್ದಿ ಪೇಪರಿನಲ್ಲಿ ಬಂತು, ಮನೆಗೆ ಹೊಸ ಜೀಪು ಬಂತು, ನನ್ನ ಕೈಗೆ ಬಂದದ್ದು ಒಂದು ಡಬ್ಬಿ ಜೇನುತುಪ್ಪ ಎಂಬುದು ತಮ್ಮನ ಲೆಕ್ಕ. ಎರಡೂ ಬಾಯಿಗೆ ಬರುವುದು ಸಾಮಾನ್ಯವಾಗಿ ಮಕ್ಕಳ ಮದುವೆಯ ಹೊತ್ತಿಗೆ. ಅಷ್ಟರಲ್ಲಿ ಲೆಕ್ಕ ಕೂಡಿಸಲು ಯಾರ ಹತ್ತಿರವೂ ಚೀಟಿ ಇರುವುದಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ತೋಟ ನೋಡುವವನಿಗೆ ಮೊದಲು ಸಂಬಳ ಹಿಡಿಯಬೇಕು, ಉಳಿದುದನ್ನು ಆಮೇಲೆ ಪಾಲು ಮಾಡಬೇಕು. ಉದಾಹರಣೆಗಾಗಿ ಅಂಕಿ ಹಿಡಿಯೋಣ. ವರ್ಷದ ಹುಟ್ಟುವಳಿ 9,00,000 ರೂಪಾಯಿ. ಕೂಲಿ, ಗೊಬ್ಬರ, ಔಷಧಿ, ಕೊಯ್ಲು, ಸುಲಿತ ಎಲ್ಲ ಸೇರಿ ಖರ್ಚು 3,40,000. ನೋಡಿಕೊಳ್ಳುವ ಅಣ್ಣನಿಗೆ ತಿಂಗಳಿಗೆ 15,000ದಂತೆ 1,80,000. ಮರುನಾಟಿ, ಪಂಪು ರಿಪೇರಿಗೆಂದು ಎತ್ತಿಡುವುದು 60,000. ಉಳಿಯುವುದು 3,20,000, ತಲಾ 1,60,000. ಅಣ್ಣನಿಗೆ ಸಂಬಳ ಸೇರಿ 3,40,000 ಬಂತು, ತಮ್ಮನಿಗೆ 1,60,000. ಇದು ಅಸಮವೆಂದು ಮೇಲ್ನೋಟಕ್ಕೆ ಕಾಣಬಹುದು. ಆದರೆ ಯಾವುದು ಜಮೀನಿನ ಪಾಲು, ಯಾವುದು ಬೆವರಿನ ಪಾಲು ಎಂದು ಇಲ್ಲಿ ಇಬ್ಬರಿಗೂ ಗೊತ್ತು. ಅಣ್ಣನಿಗೆ ವಯಸ್ಸಾಗಿ ತಮ್ಮ ಊರಿಗೆ ಬಂದು ನಿಂತರೆ ಸಂಬಳ ಆ ಕಡೆ ಹೋಗುತ್ತದೆ, ಪಾಲು ಇದ್ದಲ್ಲೇ ಇರುತ್ತದೆ. ಜಗಳಕ್ಕೆ ಎಡೆಯೇ ಕಡಿಮೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಭಾರತೀಯ ಪಾಲುದಾರಿಕೆ ಕಾಯ್ದೆ 1932ರದು. ಹೊರಗಿನವರೊಂದಿಗೆ, ಎಂದರೆ ಸ್ನೇಹಿತರೊಡನೆ ಸೇರಿ ಸುಲಿಯುವ ಯಂತ್ರ ಹಾಕುವಾಗ, ನರ್ಸರಿ ಮಾಡುವಾಗ, ಕಾಳುಮೆಣಸು ವ್ಯಾಪಾರ ಹಿಡಿಯುವಾಗ ಈ ಕಾಯ್ದೆ ಬರುತ್ತದೆ. ಅದರ 13ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬರೆದಿರದಿದ್ದರೆ ದುಡಿಯುವ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ. ಲಾಭ ನಷ್ಟ ಸಮಪಾಲು. ಒಬ್ಬ ನಾಲ್ಕು ಲಕ್ಷ ಹಾಕಿ, ಇನ್ನೊಬ್ಬ ಒಂದು ಲಕ್ಷ ಹಾಕಿ, ಏನೂ ಬರೆದುಕೊಳ್ಳದೆ ಶುರು ಮಾಡಿದರೆ ಲಾಭ ಅರ್ಧರ್ಧವೇ. ಸಾಲಗಾರ ಬಂದರೆ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ‘ನನ್ನ ಪಾಲಿನಷ್ಟು ಮಾತ್ರ ಕೊಡುತ್ತೇನೆ’ ಎನ್ನುವಂತಿಲ್ಲ. ನೋಂದಣಿಯಾಗದ ಸಂಸ್ಥೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವುದಕ್ಕೂ ಅಡ್ಡಿಯಿದೆ. ಆದ್ದರಿಂದ ಎರಡು ಹಾಳೆಯ ಕರಾರುಪತ್ರಕ್ಕೂ ನೋಂದಣಿಗೂ ಜಿಪುಣತನ ಮಾಡಬಾರದು.

ಆದರೆ ಮನೆತನದ ತೋಟಕ್ಕೆ ಈ ಕಾಯ್ದೆ ತಾನಾಗಿ ಬರುವುದಿಲ್ಲ. ಪಾಲುದಾರಿಕೆ ಹುಟ್ಟುವುದು ಕರಾರಿನಿಂದ, ಹುಟ್ಟಿನಿಂದಲ್ಲ ಎಂದು ಅದೇ ಕಾಯ್ದೆಯ 5ನೇ ಕಲಮು ಹೇಳುತ್ತದೆ. ಒಟ್ಟು ಕುಟುಂಬದ ಅಣ್ಣತಮ್ಮಂದಿರು ಆ ಅರ್ಥದಲ್ಲಿ ಪಾಲುದಾರರಲ್ಲ. ಎಂದರೆ ಸ್ನೇಹಿತರ ಯಂತ್ರಕ್ಕೆ ಇರುವಷ್ಟು ಸ್ಪಷ್ಟ ನಿಯಮವೂ ಅಜ್ಜನ ತೋಟಕ್ಕೆ ಇಲ್ಲ. ಬರೆದುಕೊಳ್ಳುವ ಅಗತ್ಯ ಮನೆಯೊಳಗೇ ಹೆಚ್ಚು. ನಾವು ಮಾಡುವುದು ಸರಿಯಾಗಿ ಇದರ ತಿರುಗುಮುರುಗು: ಹೊರಗಿನವನ ಹತ್ತಿರ ಛಾಪಾ ಕಾಗದ, ಒಳಗಿನವನ ಹತ್ತಿರ ಬಾಯಿಮಾತು.

ಹಣ ಹಂಚುವ ಬದಲು ಅಡಿಕೆ ಹಂಚಿ

ಸಂಬಳದ ಪ್ರಶ್ನೆ ಬಗೆಹರಿದ ಮೇಲೂ ಒಂದು ಜಗಳ ಉಳಿಯುತ್ತದೆ: ಯಾವಾಗ ಮಾರುವುದು? ಚಾಲಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಒಬ್ಬನಿಗೆ ಕೈಗೆ ಹಣ ಬೇಕು, ಸುಲಿದ ಕೂಡಲೇ ಮಾರಬೇಕು. ಇನ್ನೊಬ್ಬ ಗೋಣಿಯಲ್ಲಿಟ್ಟು ಹಳೆಯಡಿಕೆ ಮಾಡಿ ಮುಂದಿನ ವರ್ಷ ಮಾರುವವ. ಧಾರಣೆ ಏರಿದರೆ ಒಬ್ಬ ಬುದ್ಧಿವಂತ, ಇಳಿದರೆ ಇನ್ನೊಬ್ಬ. ವರ್ಷವರ್ಷವೂ ಇದೇ ಮಾತು.

ಇಲ್ಲಿ ಅಮೆರಿಕದ ಒಂದು ಅಧ್ಯಯನವನ್ನು ನೆನೆಯಬೇಕು. ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಅವರ ಸಂಗಡಿಗರು ದಂಪತಿಗಳ ಮಾತುಕತೆಯನ್ನು ವರ್ಷಗಟ್ಟಲೆ ದಾಖಲಿಸಿ ನೋಡಿದರು. ಗಂಡ ಹೆಂಡಿರ ಜಗಳಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಎಂದಿಗೂ ಬಗೆಹರಿಯದಂಥವು, ಅವು ಇಬ್ಬರ ಸ್ವಭಾವದ ವ್ಯತ್ಯಾಸದಿಂದ ಹುಟ್ಟಿದವು ಎಂದು ಅವರು ಕಂಡುಕೊಂಡರು. ಚೆನ್ನಾಗಿ ಬಾಳಿದ ದಂಪತಿಗಳಲ್ಲೂ ಆ ಜಗಳಗಳು ಮುಗಿದಿರಲಿಲ್ಲ. ಅವರು ಒಬ್ಬರನ್ನೊಬ್ಬರು ಹೀಯಾಳಿಸದೆ ಅವುಗಳ ಜೊತೆಗೇ ಬದುಕುವುದನ್ನು ಕಲಿತಿದ್ದರು. ಮದುವೆ ಮುರಿಯುವ ಸೂಚನೆಗಳಲ್ಲಿ ತೀರಾ ಕೆಟ್ಟದ್ದು ತಿರಸ್ಕಾರದ ಮಾತು ಎಂದೂ ಅವರು ಹೇಳಿದ್ದಾರೆ. ದೂರದ ದೇಶದ ಮಾತಾದರೂ ನಮ್ಮ ಅಡಿಕೆ ಅಂಗಳಕ್ಕೆ ಇದು ಹೊಂದುತ್ತದೆ. ‘ನಿನಗೆ ವ್ಯಾಪಾರ ಏನು ಗೊತ್ತು?’ ಎಂಬ ಒಂದು ಮಾತು, ಅದೂ ಕೊನೆಗಾರನ ಎದುರಿಗೆ ಆಡಿದ್ದು, ಹತ್ತು ವರ್ಷ ನೆನಪಿರುತ್ತದೆ.

ಬಗೆಹರಿಯದ ಜಗಳವನ್ನು ಬಗೆಹರಿಸಲು ಹೋಗದೆ, ಅದು ಏಳದಂತೆ ಮಾಡುವ ಉಪಾಯ ತೋಟದವರ ಕೈಯಲ್ಲಿದೆ. ಖರ್ಚಿನ ಬಾಬ್ತಿಗೆ, ನೋಡುವವನ ಸಂಬಳಕ್ಕೆ ಬೇಕಾಗುವಷ್ಟು ಅಡಿಕೆಯನ್ನು ಒಟ್ಟಿಗೇ ಮಾರಿ, ಉಳಿದುದನ್ನು ತೂಗಿ ಚೀಲದಲ್ಲೇ ಪಾಲು ಮಾಡಿಬಿಡುವುದು. ಅವರವರ ಪಾಲಿನ ಚೀಲವನ್ನು ಅವರವರ ಸದಸ್ಯ ಖಾತೆಗೆ ಸಂಘಕ್ಕೆ ಹಾಕಲಿ. ಒಬ್ಬ ಇಂದೇ ಮಾರಲಿ, ಒಬ್ಬ ಆಷಾಢ ಕಳೆದು ಮಾರಲಿ. ಲಾಭವೂ ಅವನದೇ, ನಷ್ಟವೂ ಅವನದೇ. ಕಾಫಿಯವರೂ ಹೀಗೆ ಮಾಡಬಹುದು. ಆದರೆ ಅಲ್ಲಿ ಬರಿಯ ಚೀಲದ ಲೆಕ್ಕ ಸಾಲದು. ಐವತ್ತು ಕಿಲೋ ಚೆರ್ರಿಯ ಒಂದು ಚೀಲದಲ್ಲಿ ಸಿಗುವ ಬೀಜ ಇನ್ನೊಂದು ಚೀಲದಲ್ಲಿ ಸಿಗಬೇಕೆಂದಿಲ್ಲ. ಮೊದಲ ಕೊಯ್ಲು ಒಬ್ಬನಿಗೆ, ನೆಲಕ್ಕುದುರಿ ಹೆಕ್ಕಿದ್ದು ಇನ್ನೊಬ್ಬನಿಗೆ ಎಂದಾದರೆ ಹೊಸ ಜಗಳಕ್ಕೆ ಬೀಜ ಬಿತ್ತಿದಂತೆ. ಪ್ರತಿ ಕೊಯ್ಲನ್ನೂ ಬೇರೆಬೇರೆಯಾಗಿಯೇ ಪಾಲು ಮಾಡಿ, ಓಟಿ ಮತ್ತು ತೇವಾಂಶ ನೋಡಿಸಿದ ಚೀಟಿಯನ್ನು ಪುಸ್ತಕದಲ್ಲಿ ಅಂಟಿಸಿಡಬೇಕು.

ನೀರಿನ ಸರದಿ, ಆಳಿನ ಸರದಿ

ನೆರೆಹೊರೆಯವರ ಪಾಲುಗಾರಿಕೆಯಲ್ಲಿ ನಮಗೆ ಹಳೆಯ ಪಾಠವಿದೆ. ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ನೋಡಿ. ನಿಮ್ಮ ಮನೆಯ ಕೆಲಸಕ್ಕೆ ನಾವು ಎರಡು ದಿನ ಬಂದರೆ ನಮ್ಮ ಕೆಲಸಕ್ಕೆ ನೀವು ಎರಡು ದಿನ ಬರಬೇಕು. ಪ್ರೀತಿಯ ಪದ್ಧತಿ ಎಂದು ಈಗ ಹೊಗಳುತ್ತೇವೆ, ಆದರೆ ಅದು ನಡೆದದ್ದು ಖಚಿತವಾದ ಎಣಿಕೆಯ ಮೇಲೆ. ಯಾರ ಮನೆಗೆ ಯಾರ ಆಳು ಎಷ್ಟು ಬಾಕಿ ಎಂಬುದು ಹೆಂಗಸರ ಬಾಯಲ್ಲಿ ಇರುತ್ತಿತ್ತು. ಬರೆದ ಪುಸ್ತಕಕ್ಕಿಂತ ಅದು ಗಟ್ಟಿ.

ಈಗಿನ ಕಾಲದ ಸಮಸ್ಯೆ ಕೂಡಿ ಕೊಂಡ ಪಂಪಿನದು. ಇಬ್ಬರು ರೊಬಸ್ಟಾ ಬೆಳೆಗಾರರು ಸೇರಿ ಒಂದು ಡೀಸೆಲ್ ಪಂಪು, ಸ್ಪ್ರಿಂಕ್ಲರ್ ಪೈಪು ಕೊಂಡರು ಎನ್ನೋಣ. ವರ್ಷದ ಹನ್ನೊಂದು ತಿಂಗಳು ತಕರಾರಿಲ್ಲ. ಫೆಬ್ರವರಿ ಕೊನೆಗೆ ಮೊಗ್ಗು ಬಲಿತು ನಿಂತಾಗ ಇಬ್ಬರಿಗೂ ಒಂದೇ ವಾರದಲ್ಲಿ ನೀರು ಬೇಕು. ಹೂಮಳೆ ಬಾರದಿದ್ದರೆ, ನೀರೂ ತಡವಾದರೆ, ಮೊಗ್ಗು ಬಿಸಿಲಿಗೆ ಕರಟುತ್ತದೆ. ಹೂ ಅರಳಿದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಮ್ಮೆ ಬ್ಯಾಕಿಂಗ್ ಕೊಡಬೇಕು. ಆ ಹತ್ತು ದಿನ ಪಂಪು ಯಾರ ತೋಟದಲ್ಲಿ ಇತ್ತು ಎಂಬುದರ ಮೇಲೆ ವರ್ಷದ ಫಸಲು ನಿಂತಿದೆ. ಸರದಿಯನ್ನು ಫೆಬ್ರವರಿಯಲ್ಲಿ ಮಾತಾಡಿದರೆ ಪ್ರಯೋಜನವಿಲ್ಲ, ಪಂಪು ಕೊಳ್ಳುವ ದಿನವೇ ಮಾತಾಡಬೇಕು. ಈ ವರ್ಷ ಮೊದಲ ಸರದಿ ಒಬ್ಬರಿಗೆ, ಮುಂದಿನ ವರ್ಷ ಇನ್ನೊಬ್ಬರಿಗೆ, ಸರದಿ ಎಷ್ಟು ದಿನಕ್ಕೆ ಮುಗಿಯಬೇಕು, ನಡುವೆ ಪಂಪು ಕೆಟ್ಟರೆ ಬಾಡಿಗೆ ಪಂಪಿನ ಖರ್ಚು ಯಾರದು, ಡೀಸೆಲ್ಲು ಯಾರದು. ಕೆರೆ ಒಂದೇ ಆಗಿದ್ದರೆ ನೀರಿನ ಮಟ್ಟ ಎಲ್ಲಿಗೆ ಬಂದಾಗ ನಿಲ್ಲಿಸಬೇಕು ಎಂದು ಕಲ್ಲಿನ ಮೇಲೆ ಗುರುತು ಹಾಕಿಬಿಡುವುದು ಇನ್ನೂ ಒಳ್ಳೆಯದು. ಗುರುತಿನ ಕಲ್ಲಿನ ಹತ್ತಿರ ವಾದ ಮಾಡುವವರು ಕಡಿಮೆ.

ನಾವು ಆರಿಸಿಕೊಳ್ಳದ ಪಾಲುದಾರನೂ ಒಬ್ಬನಿದ್ದಾನೆ, ಬೇಲಿಯಾಚೆಯವನು. ಅವನ ತೋಟದ ಕೊಳೆರೋಗ ಗಾಳಿಮಳೆಯೊಡನೆ ನಮ್ಮ ತೋಟಕ್ಕೆ ಬರುತ್ತದೆ. ಅವನು ಕಿತ್ತು ಸುಡದೆ ಬಿಟ್ಟ ಅರೇಬಿಕಾ ಗಿಡದ ಕಾಂಡಕೊರಕ ನಮ್ಮ ಗಿಡಕ್ಕೆ ಬರುತ್ತದೆ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸುವಾಗ ಅಕ್ಕಪಕ್ಕದ ನಾಲ್ಕು ತೋಟದವರು ಒಟ್ಟಾಗಿ ಆಳು ಹಿಡಿದರೆ, ಒಂದೇ ಕಡೆ ಮೈಲುತುತ್ತು, ಸುಣ್ಣ ತರಿಸಿದರೆ ಆಳೂ ಸಿಗುತ್ತದೆ, ರೋಗಕ್ಕೆ ಉಳಿಯುವ ಜಾಗವೂ ಕಡಿಮೆಯಾಗುತ್ತದೆ. ಎರಡನೆಯ ಸಲ ನಲವತ್ತು ನಲವತ್ತೈದು ದಿನದ ಮೇಲೆ ಹೊಡೆಯುವುದಕ್ಕೂ ಅದೇ ದಿನ ದಿನಾಂಕ ಗೊತ್ತುಮಾಡಿಕೊಳ್ಳಬಹುದು.

ಸಹಕಾರಿ ಸಂಘಗಳು ಹುಟ್ಟಿದ್ದೂ ಇಂಥ ನೆರೆಹೊರೆಯ ಅಗತ್ಯದಿಂದಲೇ. ಶಿರಸಿಯ ತೋಟಗಾರರು 1923ರಲ್ಲಿ ಮಾರಾಟ ಸಂಘ ಕಟ್ಟಿಕೊಂಡರು. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟ ಕಾಲದಲ್ಲಿ, 1973ರ ಜುಲೈ 11ರಂದು, ಕರ್ನಾಟಕ ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿದರು. ಹತ್ತು ಷೇರಿನವನಿಗೂ ನೂರು ಷೇರಿನವನಿಗೂ ಸಹಕಾರದಲ್ಲಿ ಒಂದೇ ಮತ. ಅದಕ್ಕಿಂತ ಮುಖ್ಯವಾದದ್ದು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಬರೆದದ್ದನ್ನು ಮಹಾಸಭೆಯಲ್ಲಿ ಎಲ್ಲರ ಎದುರು ಇಡಬೇಕು. ಮನೆಯ ತೋಟಕ್ಕೆ ಆಡಿಟರು ಬರುವುದಿಲ್ಲ, ಸಭೆಯೂ ಇಲ್ಲ. ಹಾಗಾದರೆ ಯುಗಾದಿಯ ಮರುದಿನವೋ ದೀಪಾವಳಿಯ ಮರುದಿನವೋ, ಎಲ್ಲರೂ ಊರಿಗೆ ಬಂದಿರುವಾಗ, ಊಟವಾದ ಮೇಲೆ ಜಮಾಖರ್ಚಿನ ಪುಸ್ತಕ ಚಾವಡಿಗೆ ಬರಲಿ. ಸೊಸೆಯಂದಿರೂ ಕೂರಲಿ, ಓದುವ ಮಕ್ಕಳೂ ಕೂರಲಿ. ಅರ್ಧ ಗಂಟೆಯ ಕೆಲಸ.

ಮನೆಯೊಡತಿಗೆ ತಿಳಿಯದ ಬಾಕಿ

ಈಗ ಗಂಡ ಹೆಂಡತಿಯ ವಿಷಯ. ಸಣ್ಣ ಹಿಡುವಳಿಯ ತೋಟ ನಡೆಯುವುದೇ ಈ ಇಬ್ಬರ ಪಾಲುಗಾರಿಕೆಯ ಮೇಲೆ. ಅಡಿಕೆ ಹೆಕ್ಕುವುದು, ಸುಲಿಯುವುದು, ಹರವಿದ್ದನ್ನು ಮಳೆ ಮೋಡ ಕಂಡಾಗ ಒಟ್ಟುಮಾಡುವುದು, ಆಳುಗಳ ಚಹಾ ತಿಂಡಿ, ಕೊಟ್ಟಿಗೆ, ಇದರಲ್ಲಿ ಯಾವುದೂ ಖರ್ಚಿನ ಪುಸ್ತಕದಲ್ಲಿ ಬರುವುದಿಲ್ಲ. ಬಾರದಿದ್ದರೂ ಕೆಲಸ ನಡೆಯುತ್ತದೆ. ಆದ್ದರಿಂದ ಯಾರೂ ಯೋಚಿಸುವುದಿಲ್ಲ. ತೊಂದರೆ ಕಾಣುವುದು ಯಜಮಾನರು ಇದ್ದಕ್ಕಿದ್ದಂತೆ ತೀರಿಹೋದಾಗ.

ಸಂಘದ ಕಚೇರಿಗೆ ಒಬ್ಬ ತಾಯಿ ಬಂದು ಕುಳಿತುಕೊಳ್ಳುತ್ತಾರೆ. ‘ಅವರದು ಸಾಲ ಎಷ್ಟಿತ್ತು ನೋಡಿ ಹೇಳಿ’ ಎಂದು ಕೇಳುತ್ತಾರೆ. ಮೂವತ್ತು ವರ್ಷ ತೋಟದಲ್ಲಿ ದುಡಿದವರಿಗೆ ತೋಟದ ಮೇಲಿನ ಸಾಲ ಗೊತ್ತಿಲ್ಲ. ಬ್ಯಾಂಕಿನ ಅಡವಿನಲ್ಲಿರುವ ಚಿನ್ನ ಯಾವುದು, ಫಸಲು ಹಿಡಿದ ಖೇಣಿದಾರರಿಂದ ಮುಂಗಡ ಎಷ್ಟು ಬಂದಿದೆ, ಕ್ವಿಂಟಾಲು ಹಸಿಕಾಯಿಗೆ ಒಣಗಿದ್ದು ಎಷ್ಟು ಕೊಡುವ ಮಾತಾಗಿದೆ, ಆಳುಗಳಿಗೆ ಕೊಟ್ಟ ಮುಂಗಡ ಯಾರ ಮೇಲೆ ಎಷ್ಟು, ಒಂದೂ ತಿಳಿಯದು. ‘ಅವರಿಗೆ ಕೇಳಿದರೆ ಸಿಟ್ಟು ಬರುತ್ತಿತ್ತು’ ಎನ್ನುತ್ತಾರೆ. ಇಂಥ ಮನೆಯಲ್ಲಿ ಆಮೇಲೆ ಬಾಕಿ ಕೇಳಲು ಬರುವವರು ಬಹಳ, ಬಾಕಿ ಕೊಡಲು ಬರುವವರು ಕಡಿಮೆ.

ಆದ್ದರಿಂದ ನಮ್ಮ ಸದಸ್ಯರಲ್ಲಿ ವಿನಂತಿ: ಬ್ಯಾಂಕಿನ ಖಾತೆಯನ್ನು ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಜಂಟಿ ಖಾತೆ ಮಾಡಿಸಿರಿ. ಸಂಘದ ಷೇರಿಗೆ, ಠೇವಣಿಗೆ ನಾಮಿನಿ ಹೆಸರು ಕೊಟ್ಟಿದ್ದೀರಾ ನೋಡಿರಿ. ಮದುವೆಗೆ ಮೊದಲು ತಾಯಿಯ ಹೆಸರು ಕೊಟ್ಟವರು ಅದನ್ನು ಹಾಗೆಯೇ ಬಿಟ್ಟಿರುವುದು ಸಾಮಾನ್ಯ. ನಾಮಿನಿ ಎಂದರೆ ಹಣ ಪಡೆಯುವವರು ಎಂದಷ್ಟೇ, ಅವರೇ ಏಕಮಾತ್ರ ವಾರಸುದಾರರು ಎಂದಲ್ಲ ಎಂಬುದೂ ತಿಳಿದಿರಲಿ. ತೋಟ ಹೆಂಡತಿಯ ಹೆಸರಿನಲ್ಲೂ ಇದ್ದರೆ ಅವರನ್ನೂ ಸದಸ್ಯರನ್ನಾಗಿ ಮಾಡಿರಿ. ಕೊಡುವ ಬಾಕಿ, ಬರುವ ಬಾಕಿಯನ್ನು ಒಂದು ಹಾಳೆಯಲ್ಲಿ ಬರೆದು ದೇವರ ಗೂಡಿನಲ್ಲೋ ಕಬ್ಬಿಣದ ಪೆಟ್ಟಿಗೆಯಲ್ಲೋ ಇಟ್ಟು, ಎಲ್ಲಿದೆ ಎಂದು ಹೇಳಿಡಿರಿ.

ಬೇರೆಯಾಗುವ ಮಾತು

ಪಾಲಿನ ಮಾತು ಎತ್ತಿದರೆ ಮನೆ ಒಡೆಯುತ್ತದೆ ಎಂದು ಹಿರಿಯರು ಹೆದರುತ್ತಾರೆ. ನಾವು ಕಂಡಂತೆ ಮಾತು ಎತ್ತದೆ ಒಡೆದ ಮನೆಗಳೇ ಹೆಚ್ಚು. ಹಿರಿಯರು ತೀರಿದ ಮೇಲೆ ಪೌತಿ ಖಾತೆಯೂ ಆಗದೆ, ಸತ್ತವರ ಹೆಸರಿನಲ್ಲೇ ಪಹಣಿ ಇಟ್ಟುಕೊಂಡು ತೋಟ ಮಾಡುತ್ತಿರುವ ಸಂಸಾರಗಳು ಪ್ರತಿ ಹಳ್ಳಿಯಲ್ಲೂ ಇವೆ. ಬೆಳೆಸಾಲ ಬೇಕಾದಾಗ, ವಿಮೆಯ ಹಣ ಬರಬೇಕಾದಾಗ, ಸಬ್ಸಿಡಿಗೆ ಅರ್ಜಿ ಹಾಕಿದಾಗ ಎಲ್ಲರ ಒಪ್ಪಿಗೆಯ ಸಹಿ ಹುಡುಕಿಕೊಂಡು ಊರೂರು ತಿರುಗಬೇಕು.

ಹೆಣ್ಣುಮಕ್ಕಳ ಹಕ್ಕಿನ ವಿಷಯ ಈಗ ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನವಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದ ಬಂದದ್ದು, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನ ಮೂಲಕ ಆದ ಪಾಲುಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ಬೇರೆ ಮತದವರಿಗೆ ಅವರವರ ಕಾನೂನು ಬೇರೆ. ತಂಗಿಗೆ ಹೇಳದೆ ಪಾಲುಪಟ್ಟಿ ಬರೆದರೆ ಅದು ಮುಂದೆ ನಿಲ್ಲದು. ಕರೆದು ಕೂರಿಸಿ ಕೇಳಿದರೆ ಅವರು ಏನು ಹೇಳುತ್ತಾರೋ ಅದು ಅವರ ಇಷ್ಟ. ಕೇಳದಿರುವುದು ಮಾತ್ರ ಸರಿಯಲ್ಲ.

ಪಾಲುಪಟ್ಟಿ ಬರೆಯುವಾಗ ಎಕರೆ ಗುಂಟೆಯ ಲೆಕ್ಕಕ್ಕೆ ಕೊಡುವಷ್ಟೇ ಗಮನವನ್ನು ಕೂಡಿ ಬಳಸುವ ವಸ್ತುಗಳಿಗೂ ಕೊಡಬೇಕು. ಬಾವಿ ಯಾರ ಪಾಲಿನ ಜಾಗದಲ್ಲಿ ಬಂದರೂ ನೀರು ಯಾರಿಗೆ ಎಷ್ಟು ಹೊತ್ತು, ಪೈಪು ಎಲ್ಲಿ ಹಾದುಹೋಗಬೇಕು, ಲಾರಿ ಬರುವ ದಾರಿಯ ಅಗಲ ಎಷ್ಟು ಅಡಿ, ಅಂಗಳವನ್ನು ಕೊಯ್ಲಿನ ಕಾಲದಲ್ಲಿ ಯಾರು ಯಾವ ವಾರ ಬಳಸಬೇಕು, ವಿದ್ಯುತ್ ಮೀಟರು ಯಾರ ಹೆಸರಿನಲ್ಲಿ, ಕಾಡುಕಲ್ಲು, ಸೊಪ್ಪಿನ ಬೆಟ್ಟದ ಬಳಕೆ ಹೇಗೆ, ಇದೆಲ್ಲ ಪತ್ರದಲ್ಲಿ ಬರಲಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಬೇರೆಯಾಗುವುದಿದ್ದರೆ 11ಇ ನಕ್ಷೆ ಬೇಕಾಗುತ್ತದೆ. ಅಳತೆಗೆ ಭೂಮಾಪಕರು ಬರುವ ದಿನ ಎಲ್ಲ ಪಾಲುದಾರರೂ ಸ್ಥಳದಲ್ಲಿದ್ದು, ಗಡಿಕಲ್ಲು ನೆಡುವುದನ್ನು ನೋಡಿ, ಆ ಸಂಜೆಯೇ ಗಡಿಯ ಮರಗಳನ್ನು ಎಣಿಸಿ ಪಟ್ಟಿ ಬರೆದುಕೊಳ್ಳಬೇಕು. ಗಡಿಯ ಮೇಲಿನ ಮರದ ಕೊನೆ ಯಾರದು ಎಂಬುದನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರಿ.